ತೂಕ ನಿಲ್ಲುವ ತನಕ

ಕಾಕಾನ ಬಲಗಾಲು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಕುಳಿತರೆ ಸಾಕು, ಹಿಮ್ಮಡಿ ಎತ್ತಿ ಮೊಣಕಾಲು ತಟತಟ ಅಲುಗಿಸುತ್ತಿದ್ದರು. ಟೇಬಲ್ಲಿನ ಮೇಲಿನ ಚಾದ ಕಪ್ಪು-ಬಸಿ ಗಲಗಲ ಅನ್ನುತ್ತಿದ್ದವು. ನಿಂತರೆ ಅತ್ತಿಂದಿತ್ತ ತಿರುಗಾಟ. ಚಾ ಕೂಡ ನಡೆಯುತ್ತಲೇ ಕುಡಿಯುತ್ತಿದ್ದರು.

ಕಾಕಾ ನನ್ನ ರಕ್ತಸಂಬಂಧಿಯಲ್ಲ. ಕಲಘಟಗಿಯ ನೇಕಾರ ಮುಸಲ್ಮಾನರ ಮನೆಯವರು. ರೇಡಿಯೋ, ಟಿವಿ ರಿಪೇರಿ ಮಾಡುತ್ತಿದ್ದವರು ತಾವೇ ಓದಿಕೊಂಡು ಕೋಡ್ ಬರೆಯಲು ಕಲಿತಿದ್ದರು. ದುಮ್ಮವಾಡದ ಬಾಜೂಕಿನ ನಮ್ಮೂರ ಹಾಲಿನ ಡೇರಿಗೆ ಲ್ಯಾಪ್‌ಟಾಪ್ ಕೂಡಿಸಲು ಬಂದಾಗ ನಾನು ಅಲ್ಲಿ ಕ್ಯಾನು ಎತ್ತುತ್ತಿದ್ದೆ. ಎಂಟನೆಯ ಇಯತ್ತೆಗೇ ಸಾಲಿ ಬಿಟ್ಟವನು. ಆದರೆ ಕೆಲಸದ ವಿಷಯದಲ್ಲಿ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವನಲ್ಲ.

ಆ ವಾರ ಅನ್ನಿಸಿಕೊಂಡೆ. ತೂಕದ ಯಂತ್ರಕ್ಕೂ ಲ್ಯಾಪ್‌ಟಾಪಿಗೂ ವಾಯರು ಹಾಕಿದ್ದರು. ನಾನು ಹಾಲಿಟ್ಟು ಗುಂಡಿ ಒತ್ತಿದರೆ ತೂಕ ತಾನೇ ದಾಖಲಾಗುತ್ತಿತ್ತು. ಕಾಕಾ ಬಾಜೂಕ್ಕೆ ಕುಳಿತು ನೋಡಿಕೊಳ್ಳುತ್ತಿದ್ದರು. ತೂಕ ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಬರತೊಡಗಿತು. ಹೆಚ್ಚು ಬಂದವರು ತುಟಿ ಬಿಚ್ಚಲಿಲ್ಲ. ಕಡಿಮೆ ಬಂದವರು ಓಣಿಗೆಲ್ಲ ಕೇಳುವಂತೆ ಕೂಗಿದರು. ಎಮ್ಮೆ ಕಟ್ಟಿದ್ದ ಒಬ್ಬ ಆಯಿ ನನ್ನ ಮುಖದ ಮೇಲೇ ಅಂದಳು:

“ಮನ್ಯಾಗ ಅಳದ ತಂದೇನಿ. ದಾರ್ಯಾಗ ಆವಿ ಆಗಿ ಹೋತೇನು? ಕದ್ದೀ ನೀನು!”

ಡೇರಿಯ ಅಧ್ಯಕ್ಷರು ಮೆಲ್ಲಗೆ ಹೇಳಿದರು: “ಇವತ್ತ ಸಂಜೀ ಒಳಗ ಬಗೀಹರೀಲಿಲ್ಲಂದ್ರ ನಾಳಿ ಬರಬ್ಯಾಡಪಾ.”

ಕೆಲಸ ಹೋದರೆ ಬೇರೆ ಹುಡುಕುತ್ತಿದ್ದೆ. ಕಳ್ಳ ಎನ್ನುವ ಹೆಸರು ಹೊತ್ತು ಅದೇ ಓಣಿಯಲ್ಲಿ ಹೇಗೆ ತಿರುಗಾಡುವುದು?

ಸಂಜೆ ಹಾಲು ಹಾಕಲು ಪಾಳಿ ಹಚ್ಚಿದವರು ಸಾಲಾಗಿ ಗೊಣಗುತ್ತ ನಿಂತಿದ್ದರು. ಕಾಕಾ ಆಯಿಯ ಕೊಡವನ್ನೇ ಇಟ್ಟು ನೋಡಿದರು. ನಿಂತು ನೋಡಿದಾಗ ತೂಕ ಸರಿ. ಕುಳಿತು ನೋಡಿದರೆ ತಪ್ಪು. ವಾಯರು ಬದಲಿಸಿದರು, ಮತ್ತೆ ತಪ್ಪು. ನಾನು ತಡೆಯಲಾರದೆ ಯಂತ್ರವನ್ನೂ ಬಂದ್ ಮಾಡಿ ಚಾಲೂ ಮಾಡೋಣ ಅಂದೆ.

“ತಡೀಲೇ. ಒಂದ ಸಲಕ್ಕ ಒಂದ ಬದಲ ಮಾಡಬೇಕು. ಎರಡು ಮಾಡಿದ್ರ ಯಾವದರಿಂದ ಸುಧಾರಿಸ್ತು ತಿಳಿಯಂಗಿಲ್ಲ.”

ಆಯಿಗೆ ಸಾಕಾಯಿತು. “ಏ ಯಪ್ಪಾ, ಮೊದ್ಲ ಆ ಕಾಲು ನಿಂದರಸು! ನನ್ನ ಕೊಡಾನೂ ಕುಣ್ಯಾಕತ್ತೈತಿ!”

ಕಾಕಾ ತಮ್ಮ ಮೊಣಕಾಲು ನೋಡಿದರು. ಅದು ಟೇಬಲ್ಲಿನ ಕಾಲಿಗೆ ಬಡಿಯುತ್ತಿತ್ತು. ಯಂತ್ರ ಅದೇ ಟೇಬಲ್ಲಿನ ಮೇಲಿತ್ತು. ಎರಡೂ ಕೈಯಿಂದ ಮೊಣಕಾಲು ಅದುಮಿ ಹಿಡಿದರು. ಅಂಕಿ ನಿಂತಿತು. ಎದ್ದು ಎಲ್ಲರಿಗೂ ಕೇಳುವಂತೆ ಹೇಳಿದರು:

“ಇಂವಾ ಕಳ್ಳ ಅಲ್ಲ ಬೇ ಯವ್ವಾ. ಕಳ್ಳ ನನ್ನ ಕಾಲು. ಹಿಡದ ಕೊಡ್ಲೇನು?”

“ನಮಗ್ಯಾಕಪಾ ಅದು, ನೀನ ಇಟ್ಕೋ!” ಅಂದಳು ಆಯಿ. ಪಾಳಿಯೆಲ್ಲ ನಕ್ಕಿತು.

ನಾನು ಕುರ್ಚಿ ದೂರ ಸರಿಸಲು ಹೋದೆ. ಕಾಕಾ ತಡೆದರು. “ನನ್ನ ಸರಸ್ತೀ, ನಾಳಿ ಟೇಬಲ್ ಮ್ಯಾಲೆ ಬೆಕ್ಕು ಜಿಗದ್ರ? ಯಂತ್ರಕ್ಕ ತಡಿಯೂದು ಕಲಸೂಣು. ಕೂಡು, ನೀನ ಹೊಡಿ.”

“ನಾನೇನ್ರಿ? ನನಗ ಇಂಗ್ಲಿಷ್ ಬರಂಗಿಲ್ರಿ.”

“ಅಕ್ಷರ ಗುರ್ತಾ ಹಿಡೀತೀ ಇಲ್ಲೋ? ಸಾಕು. ಕಳ್ಳ ಅನ್ನಿಸಿಕೊಂಡಾಂವ ನೀನು, ನೀನ ಸರಿ ಮಾಡು. ಮೊದ್ಲ ಹಳೇದರದೊಂದು ಕಾಪಿ ತಗದಿಡು.”

ಅವರು ಹೇಳಿದರು, ನಾನು ಒಂದೊಂದೇ ಅಕ್ಷರ ಹುಡುಕಿ ಬಡಿದೆ. ತೂಕ ಓದು. ಅರೆಗಳಿಗೆ ತಡೆ. ಮತ್ತೆ ಓದು. ಎರಡೂ ಒಂದೇ ಇದ್ದರೆ ಬರೆದುಕೋ, ಇಲ್ಲದಿದ್ದರೆ ಮೊದಲಿಂದ ಓದು. ಅಷ್ಟೇ ಕೋಡಿನ ತುಣುಕು. ಕಾಕಾ ಬೇಕಂತಲೇ ಕಾಲು ಅಲುಗಿಸಿದರು. ಯಂತ್ರ ಏನನ್ನೂ ಬರೆದುಕೊಳ್ಳದೆ ಕಾಯಿತು. ಕಾಲು ನಿಂತಾಗ ಆಯಿಯ ಹಾಲು ಸರಿಯಾಗಿ ದಾಖಲಾಯಿತು. ಮರುದಿನವೂ ನಾನೇ ತೂಕಕ್ಕೆ ನಿಂತೆ.

ಆಮೇಲೆ ಅವರ ಬೆನ್ನು ಬಿಡಲಿಲ್ಲ. ಬಿಡುವಾದಾಗಲೆಲ್ಲ ಬಸ್ಸು ಹತ್ತಿ ಕಲಘಟಗಿಗೆ ಹೋಗುತ್ತಿದ್ದೆ. ಮೊಬೈಲಿನಲ್ಲಿ ಸಿಕ್ಕ ತುಣುಕನ್ನು ಅಂಟಿಸಿದರೆ ಬೈಯುತ್ತಿರಲಿಲ್ಲ. “ತಾ, ಬ್ಯಾಡನ್ನಂಗಿಲ್ಲ. ಆದ್ರ ಪ್ರತಿ ಸಾಲಿಗೂ ನೀ ಯಾಕ ಇಲ್ಲಿ ಕುಂತೀ ಅಂತ ಕೇಳು. ಉತ್ರಾ ಕೊಡಲಿಲ್ಲಂದ್ರ ಹೊರಗ ಹಾಕು.” ಕೋಡಿನಲ್ಲಿ ಹಾಲಿನ ಅಂಕಿಗೆ ಎಕ್ಸ್, ವೈ ಎಂದು ಹೆಸರಿಟ್ಟರೆ ಮಾತ್ರ ಸಿಟ್ಟು. “ಹಾಲಿಗೆ ಹಾಲು ಅನ್ನಾಕ ಏನ್ ಧಾಡಿ ನಿನಗ?”

ಈಗ ಸುತ್ತಲಿನ ಡೇರಿಗಳಿಗೆ ಕೋಡ್ ಬರೆದು ಕೊಡುತ್ತೇನೆ. ಪುಕ್ಕಟೆ ಅಲ್ಲ. ನನ್ನ ಕೆಲಸಕ್ಕೆ ನನ್ನ ಕೂಲಿ.

ಕೊನೆಯ ಸಲ ನೋಡಲು ಹೋದಾಗ ಕಾಕಾ ಮಲಗಿದ್ದರು. ಲಕ್ವಾ ಹೊಡೆದಿತ್ತು. ಚಾದರದ ಕೆಳಗೆ ಬಲಗಾಲು ಸುಮ್ಮನೆ ಬಿದ್ದಿತ್ತು. ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಕಿಟಕಿಯ ತನಕ ಹೋದೆ, ಬಂದೆ, ಮತ್ತೆ ಹೋದೆ.

“ತೂಕ ನಿಲ್ಲತೈತೇನೋ?” ಎಂದು ತೊದಲಿದರು.

“ನಿಲ್ಲತೈತ್ರಿ ಕಾಕಾ.”

ಆ ವಾರವೇ ಹೋದರು.

ಈಚೆಗೆ ನಮ್ಮೂರ ಡೇರಿಯ ಟೇಬಲ್ಲಿಗೆ ಹೊಸ ತೂಕದ ಯಂತ್ರ ಬಂತು. ತಡೆದು ಮತ್ತೆ ಓದು ಎನ್ನುವ ಆ ಹಳೆಯ ಸಾಲುಗಳನ್ನು, ಯಾಕೆ ಇಲ್ಲಿ ಕುಂತೀರಿ ಎಂದು ಕೇಳಿದೆ. ಅಲುಗಿಸುವ ಕಾಲೇ ಇಲ್ಲವಲ್ಲ. ಅವರದೇ ನೇಮ ಎಂದು ಕಾಪಿ ತೆಗೆದಿಟ್ಟು ಅಳಿಸಿದೆ. ಆದರೂ ಸಮಾಧಾನವಾಗದೆ, ಸಂಜೆ ಅವರ ಕುರ್ಚಿಯಲ್ಲೇ ಕುಳಿತು ಅಂಕಿ ನೋಡುತ್ತಿದ್ದೆ. ಅದು ನಿಲ್ಲಲೊಲ್ಲದು. ಕೊಡ ಇಟ್ಟ ಅದೇ ಆಯಿ, ಈಗ ಬೆನ್ನು ಬಾಗಿದವಳು, ಬಗ್ಗಿ ಟೇಬಲ್ಲಿನ ಕೆಳಗೆ ನೋಡಿದಳು.

“ಲೇ, ಅಂವಾ ಹೋಗೂ ಮುಂದ ಕಾಲು ನಿನಗ ಕೊಟ್ಟ ಹೋದ್ನೇನು?”

ನನ್ನ ಮೊಣಕಾಲು ಟೇಬಲ್ಲಿಗೆ ಬಡಿಯುತ್ತಿತ್ತು. ಹಾಲು ತೂಗುವ ಮೊದಲು ಸಾಲುಗಳನ್ನು ವಾಪಸ್ ಹಾಕಿದೆ.