ಕಿಟಕಿಯಿಂದ ಎಸೆದ ಟವೆಲ್ಲು

ಮುಖಕ್ಕೆ ಬೈದವರನ್ನು ಕ್ಷಮಿಸುವಷ್ಟು ಔದಾರ್ಯ ನನ್ನಲ್ಲಿದೆ. ಲೇಖನ ತಿದ್ದಿದವರನ್ನು ಕ್ಷಮಿಸುವಷ್ಟು ಇಲ್ಲ. ಚಾಮರಾಜನಗರದ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಹೇಳಿ ನಿವೃತ್ತನಾದ ಮೇಲೆ ಗುಂಡ್ಲುಪೇಟೆಯ ಮನೆಯಲ್ಲಿ ಕುಳಿತು ಕನ್ನಡದ ಸಾಫ್ಟ್‌ವೇರ್ ಮಾಸಪತ್ರಿಕೆಯೊಂದಕ್ಕೆ ತಾಂತ್ರಿಕ ಲೇಖನಗಳನ್ನು ಬರೆಯುತ್ತಿದ್ದೇನೆ. ಆ ಪತ್ರಿಕೆಯವರು ನನ್ನ ಬರಹಕ್ಕೆ ಮಾಡಿದ ಅಪಚಾರಗಳಲ್ಲಿ ಒಂದನ್ನೂ ನಾನು ಮರೆತಿಲ್ಲ. ಮೊದಲ ಲೇಖನದ ಪ್ರೋಗ್ರಾಮಿನಲ್ಲಿ ಸಾಲುಗಳ ಆರಂಭಕ್ಕೆ ಬಿಟ್ಟಿದ್ದ ಖಾಲಿ ಜಾಗವನ್ನು, ಪುಟದ ಅಂದ ಕೆಡುತ್ತದೆಂದು ಪುಟ ಜೋಡಿಸುವವರು ಅಳಿಸಿಹಾಕಿದರು. ಆ ಭಾಷೆಯಲ್ಲಿ ಖಾಲಿ ಜಾಗಕ್ಕೇ ಅರ್ಥ. ಅದನ್ನು ತೆಗೆದರೆ ಪ್ರೋಗ್ರಾಮು ಓಡುವುದಿಲ್ಲ. ಓಡದ ಪ್ರೋಗ್ರಾಮಿನ ಕೆಳಗೆ ನನ್ನ ಹೆಸರು ಮಾತ್ರ ದಪ್ಪಕ್ಷರದಲ್ಲಿ ವಿರಾಜಿಸುತ್ತಿತ್ತು.

ಅದನ್ನೂ ನುಂಗಿಕೊಂಡೆ. ನುಂಗಲಾಗದೆ ಹೋದದ್ದು ಟವೆಲ್ಲಿನ ಪ್ರಕರಣ.

ಕಂಪ್ಯೂಟರಿನಲ್ಲಿ ಒಂದೇ ಕಡತವನ್ನು ಇಬ್ಬರು ಏಕಕಾಲಕ್ಕೆ ತಿದ್ದಹೊರಟರೆ ಅನಾಹುತವಾಗುತ್ತದೆ. ಆದ್ದರಿಂದ ಮೊದಲು ಬಂದವನು ಅದಕ್ಕೊಂದು ಬೀಗ ಹಾಕುತ್ತಾನೆ, ಕೆಲಸ ಮುಗಿಸಿ ತೆಗೆಯುತ್ತಾನೆ, ಉಳಿದವರು ಕಾಯುತ್ತಾರೆ. ಈ ತತ್ತ್ವವನ್ನು ವಿವರಿಸಲು ಲೇಖನದಲ್ಲಿ ನಾನು ನಮ್ಮ ಬಸ್ ನಿಲ್ದಾಣಕ್ಕೇ ಹೋದೆ. ಬಸ್ಸು ಇನ್ನೂ ಉರುಳುತ್ತಿರುವಾಗಲೇ ಕಿಟಕಿಯೊಳಗೆ ಟವೆಲ್ಲು ಎಸೆದವನಿಗೆ ಆ ಸೀಟು ಖಾತ್ರಿ. ಅವನು ನಿಧಾನವಾಗಿ ಟೀ ಕುಡಿದು ಬರಬಹುದು. ಒಂದು ಮೊಳ ಬಟ್ಟೆ ಅವನ ಪರವಾಗಿ ಕುಳಿತಿರುತ್ತದೆ. ನಮ್ಮ ಜನರಿಗೆ ಈ ಪ್ರತಿನಿಧಿ ಪದ್ಧತಿ ಹೊಸದೇನಲ್ಲ. ಕೊಳಾಯಿಯ ಮುಂದೆ ಬಿಂದಿಗೆ ನಿಲ್ಲುತ್ತದೆ, ಪಡಿತರದ ಅಂಗಡಿಯ ಮುಂದೆ ಚೀಲ ನಿಲ್ಲುತ್ತದೆ, ಚೀಲವಿಲ್ಲದವನ ಕಲ್ಲು ನಿಲ್ಲುತ್ತದೆ. ಬರೆದಿಟ್ಟ ಕಾನೂನಿಲ್ಲದೆಯೇ ಎಲ್ಲರೂ ಒಪ್ಪಿ ನಡೆಯುವ ವ್ಯವಸ್ಥೆ. ಸರ್ವೀಸಿನುದ್ದಕ್ಕೂ ತೆರಕಣಾಂಬಿಯ ಮಾರ್ಗವಾಗಿ ದಿನವೂ ಓಡಾಡಿದ ನಾನು ಟವೆಲ್ಲಿನ ಬಲದಿಂದಲೇ ಕುಳಿತು ಪ್ರಯಾಣ ಮಾಡಿದವನು. ‘ಇಷ್ಟು ನ್ಯಾಯವಾದ ವ್ಯವಸ್ಥೆ ಮತ್ತೊಂದಿಲ್ಲ’ ಎಂದೇ ಲೇಖನವನ್ನು ಮುಗಿಸಿದ್ದೆ.

ಹೊಸದಾಗಿ ಬಂದಿದ್ದ ಸಂಪಾದಕಿ ಒಂದೇ ಸಾಲಿನ ಉತ್ತರ ಕಳುಹಿಸಿದರು: ‘ಟವೆಲ್ಲಿನ ಉದಾಹರಣೆ ಬೇಡ, ವಿಮಾನದ ಟಿಕೆಟ್ ಕಾಯ್ದಿರಿಸುವ ಉದಾಹರಣೆ ಕೊಡಿ.’

ವಿಮಾನ! ಇವರು ವಿಮಾನ ನಿಲ್ದಾಣದಲ್ಲೇ ಹುಟ್ಟಿ ಬೆಳೆದವರಿರಬೇಕು ಎಂದುಕೊಂಡೆ. ನನ್ನ ಹೆಂಡತಿಗೆ ಹೇಳಿಕೊಂಡರೆ ಆಕೆ ಅವರೆಕಾಯಿ ಸುಲಿಯುತ್ತ, “ಒಂದು ಟವಲ್ಗೆ ಇಷ್ಟ್ಯಾಕ್ ಉರ್ಕತೀರಿ? ತಗ್ದ್ಬುಡಿ ಅತ್ಲಾಗೆ. ಅದೇನು ಜರತಾರಿದಾ?” ಎಂದಳು. ಟವೆಲ್ಲು ಹೋದರೆ ಲೇಖನವೇ ಹೋಗಲಿ ಎಂದು ನಿಶ್ಚಯಿಸಿ ಮೂರು ಪುಟಗಳ ಖಂಡನೆಯನ್ನು ಕಳುಹಿಸಿದೆ. ನಗರವಾಸಿಗಳಿಗೆ ಗ್ರಾಮೀಣ ಜೀವನದ ಬಗೆಗಿರುವ ತಾತ್ಸಾರ, ಅದರ ಕಾರಣಗಳು, ಅದರ ಚರಿತ್ರೆ, ಯಾವುದನ್ನೂ ಬಿಡಲಿಲ್ಲ.

ಮರುದಿನ ಸಂಪಾದಕಿಯ ಫೋನು ಬಂತು.

“ಸಾರ್, ಖಂಡನೆ ಪೂರ್ತಿ ಓದ್ದೆ. ನಾನು ಕುದೇರಿನೋಳು ಸಾರ್, ಚಾಮರಾಜನಗರದ ಪಕ್ಕದ ಹಳ್ಳಿಯೋಳು.”

ಮೂರು ಪುಟಗಳೂ ಒಮ್ಮೆಗೇ ನನ್ನ ಕೈಯಿಂದ ಜಾರಿದಂತಾಯಿತು.

“ಟವಲ್ ಗೊತ್ತಿಲ್ದೆ ಏನು? ಕಾಲೇಜ್ ಮುಗ್ಸಿ ಚಾಮರಾಜನಗರ ಸ್ಟ್ಯಾಂಡ್ಗೆ ಬತ್ತಿದ್ದೆ. ಬಸ್ ನಿಲ್ಲಕ್ ಮುಂಚೇನೇ ಗಂಡಸ್ರು ಎಸ್ದ್ಬುಡೋರು. ನಂಗೆ ಕಿಟ್ಕಿ ಎಟುಕ್ತಾ ಇರ್ನಿಲ್ಲ. ಮೊದ್ಲು ಬಂದು ಕಾದಿದ್ರೂ ನಿಂತ್ಕಂಡೇ ಊರ್ಗೋಗ್ಬೇಕಾಗಿತ್ತು, ಓದೋದ್ ಮುಗಿಯೋಗಂಟ. ನೀವು ನೋಡುದ್ರೆ ನ್ಯಾಯ ಅಂತ ಬರ್ದಿದೀರ. ಯಾರ್ಗೆ ಸಾರ್ ನ್ಯಾಯ?”

“ಹಾಗೆಂದು ಮೊದಲೇ ಬರೆಯಬಹುದಿತ್ತಲ್ಲಮ್ಮ?” ಎಂದೆ.

“ಬರ್ದಿದ್ರೆ ಅದ್ಕೂ ಮೂರ್ ಪುಟ ಕಳುಸ್ತಿದ್ರಿ. ಟವಲ್ ಇರ್ಲಿ ಸಾರ್, ಬ್ಯಾಡ ಅನ್ನಲ್ಲ. ನಿಂತಿರೋರ್ನೂ ಒಳಿಕ್ ಸೇರ್ಸಿ. ಇಲ್ದೇ ಇದ್ರೆ ನಾನ್ ಹಾಕಲ್ಲ.”

ವಿಚಿತ್ರವೆಂದರೆ, ಈ ಸ್ಥಿತಿಗೆ ನಮ್ಮ ಕಂಪ್ಯೂಟರ್ ಶಾಸ್ತ್ರದಲ್ಲಿ ಹೆಸರೇ ಇದೆ. ಕಾಯುವವನು ಕಾಯುತ್ತಲೇ ಇದ್ದು, ಸರದಿ ಮಾತ್ರ ಚುರುಕಾದವರ ಪಾಲಾಗುತ್ತಿದ್ದರೆ ಅದನ್ನು ‘ಸ್ಟಾರ್ವೇಶನ್’ ಎನ್ನುತ್ತಾರೆ, ಉಪವಾಸ ಬೀಳುವುದು. ವರ್ಷ ವರ್ಷವೂ ಅದನ್ನು ಪಾಠ ಹೇಳಿದ್ದೇನೆ, ಪರೀಕ್ಷೆಯಲ್ಲಿ ಕೇಳಿದ್ದೇನೆ. ಆದರೆ ಸೀಟಿನ ಪಕ್ಕದಲ್ಲಿ ಕಂಬಿ ಹಿಡಿದು ತೂಗಾಡುತ್ತಿದ್ದ ಹುಡುಗಿಯರಿಗೂ ಆ ಪದಕ್ಕೂ ಸಂಬಂಧವುಂಟೆಂದು ಹೊಳೆದಿರಲಿಲ್ಲ. ಸೀಟು ಸಿಕ್ಕವನ ದೃಷ್ಟಿ ಸದಾ ಕಿಟಕಿಯ ಹೊರಗೇ ಇರುತ್ತದೆ.

ಲೇಖನವನ್ನು ಮತ್ತೆ ಬರೆದೆ. ‘ನ್ಯಾಯವಾದ’ ಎಂಬುದನ್ನು ಹೊಡೆದು ‘ಅನುಕೂಲವಾದ’ ಎಂದು ಹಾಕಿ, ಯಾರಿಗೆ ಅನುಕೂಲ ಎಂಬುದಕ್ಕೆ ಒಂದು ಇಡೀ ಭಾಗವನ್ನೇ ಮೀಸಲಿಟ್ಟೆ. ಬಂದವರಿಗೆಲ್ಲ ಬಂದ ಕ್ರಮದಲ್ಲೇ ಸರದಿ ಸಿಗುವಂತೆ ಬೀಗ ಹಾಕುವ ವಿಧಾನವನ್ನೂ ಸೇರಿಸಿದೆ. ಅದು ಮೊದಲಿನದಕ್ಕಿಂತ ಒಳ್ಳೆಯ ಲೇಖನವಾಯಿತು. ಈ ಮಾತನ್ನು ಹಲ್ಲು ಕಚ್ಚಿಯೇ ಹೇಳುತ್ತಿದ್ದೇನೆ.

ಪತ್ರಿಕೆ ಕೈಗೆ ಬಂದಾಗ ಟವೆಲ್ಲು ಉಳಿದಿತ್ತು, ನಿಂತವರೂ ಇದ್ದರು, ಸಾಲಿನ ಆರಂಭದ ಖಾಲಿ ಜಾಗಗಳೂ ಇದ್ದವು. ಆದರೆ ಚಿತ್ರಕಾರರು ಬಿಡಿಸಿದ್ದ ಬಸ್ಸನ್ನು ನೋಡಿ ನನ್ನ ನೆತ್ತಿ ಉರಿಯಿತು. ತೊಳೆದಿಟ್ಟಂತಹ ಸೀಟುಗಳು, ಅವುಗಳಲ್ಲಿ ಟೈ ಕಟ್ಟಿದ ನಾಲ್ಕು ಮಂದಿ. ನಿಂತವರೆಂಬವರು ಒಬ್ಬರೂ ಇಲ್ಲ. ಹೇಳಬೇಕಾದ ಮಾತುಗಳನ್ನೆಲ್ಲ ಮನಸ್ಸಿನಲ್ಲೇ ಕ್ರಮವಾಗಿ ಜೋಡಿಸಿಕೊಂಡು ಫೋನು ಮಾಡಿದೆ.

“ಸಾರ್, ಆ ಬಸ್ ನೋಡುದ್ರಾ?” ನಾನು ಬಾಯಿ ತೆರೆಯುವ ಮೊದಲೇ ಸಂಪಾದಕಿ ಆರಂಭಿಸಿದರು. “ನಿಂತೋರ್ನೂ ಬರೀರಿ ಅಂತ ಚಿತ್ರ ಬರಿಯೋರ್ಗೆ ಬಾಯ್ಬುಟ್ಟು ಹೇಳಿದ್ದೆ ಸಾರ್! ಜಾಗ ಸಾಲ್ದು ಅಂತಾರೆ!”

ಅವರ ಸಿಟ್ಟು ನನ್ನದಕ್ಕಿಂತ ಹಳೆಯದು, ನನಗಿಂತ ಬಹಳ ಮುಂಚೆ ಸಾಲಿಗೆ ಬಂದದ್ದು. ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು, “ಹೇಳಮ್ಮ” ಎಂದೆ.