ಕಣ್ಣು ಹೊಡೆಯುವ ಬಲ್ಬು

ಬಳ್ಳಾರಿಯ ನಮ್ಮ ಓಣಿಯಲ್ಲಿ ಸುಂಕಮ್ಮನ ಹೊಲಿಗೆಗೆ ಹೆಸರಿತ್ತು. ಕಿಟಕಿಯಿಲ್ಲದ ಕೋಣೆಯಲ್ಲಿ ಬಲ್ಬು ಹಾಕಿಕೊಂಡು, ಜೀನ್ಸ್ ಪ್ಯಾಂಟಿನ ಹಿಂಜೇಬಿನ ಮೇಲೆ ಹಳದಿ ದಾರದ ಜೋಡಿಗೆರೆ ಹಾಕುವುದು ಅವಳ ಕೆಲಸ. ಆ ಗೆರೆಗಳು ಒಂದನ್ನೊಂದು ಎಂದೂ ಮುಟ್ಟಿದ್ದಿಲ್ಲ. ಮುಟ್ಟಿದ್ದರೂ ಅವಳ ಬಾಯಿಗೆ ಹೆದರಿ ಯಾರೂ ಹೇಳಿರಲಿಕ್ಕಿಲ್ಲ ಎಂಬ ಗುಮಾನಿ ನನಗಿದೆ.

ಈ ಬೇಸಿಗೆಯಲ್ಲಿ ಗೆರೆಗಳು ಸೊಟ್ಟಗಾದವು. ಹೊಲಿದ ಜೇಬುಗಳು ಕಾರ್ಖಾನೆಯಿಂದ ಗಂಟುಗಟ್ಟಲೆ ವಾಪಸು ಬಂದವು. ಮೇಲೆ ತಲೆನೋವು. "ಬಲ್ಬು ಕಣ್ಣು ಹೊಡೀತೈತಿ" ಎಂದು ಅವಳು ಹೇಳಿದ್ದೇ ತಡ, ನಲ್ಲಿ ಹತ್ತಿರದ ಹೆಂಗಸರು ಬಿಡಲಿಲ್ಲ.

"ಇರ್ಲಿ ಬಿಡಕ್ಕ, ಈ ವಯಸ್ಸಿನಾಗ ಅದಾದ್ರೂ ಹೊಡೀತೈತಲ್ಲ!"

ಕಣ್ಣಿನ ಡಾಕ್ಟರು ಕಣ್ಣು ಚೆನ್ನಾಗಿದೆ ಎಂದರು. ಸುಂಕಮ್ಮನಿಗೆ ಸಮಾಧಾನದ ಬದಲು ದಿಗಿಲಾಯಿತು. ಕಣ್ಣು ಸರಿಯಿದ್ದರೆ ಕೆಟ್ಟಿರುವುದು ಕೈ. ಕೈ ಕೆಟ್ಟ ಮೇಲೆ ಮಷಿನ್ ಯಾಕೆ? ಕೊಳ್ಳುವವರಿದ್ದರೆ ಹೇಳು ಎಂದು ನನಗೇ ಹೇಳಿದಳು. ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಮಷಿನ್ ಸದ್ದಿಲ್ಲದ ಅವಳ ಮನೆಯನ್ನು ನೆನೆಯಲೂ ಆಗಲಿಲ್ಲ.

ಅಷ್ಟರಲ್ಲಿ, ಪಕ್ಕದಲ್ಲಿ ಹೊಸದಾಗಿ ವೆಲ್ಡಿಂಗ್ ಅಂಗಡಿ ತೆರೆದಿದ್ದ ಎರ್ರಣ್ಣ ಹೆಂಡತಿ ರೇಣುಕಾಳೊಂದಿಗೆ ಸಿರುಗುಪ್ಪಕ್ಕೆ ಮದುವೆಗೆ ಹೋದ. ಅಂಗಡಿ ಮುಚ್ಚಿತು. ಸುಂಕಮ್ಮನ ಗೆರೆಗಳು ನೆಟ್ಟಗಾದವು, ತಲೆನೋವು ಹೋಯಿತು. ಎರ್ರಣ್ಣ ಮರಳಿ ಬಂದು ಕಬ್ಬಿಣಕ್ಕೆ ವೆಲ್ಡಿಂಗ್ ರಾಡು ಮುಟ್ಟಿಸಿದ. ಅತ್ತ ಚರ್, ಇತ್ತ ಬಲ್ಬು ಪಕ್. ಮತ್ತೆ ಚರ್, ಮತ್ತೆ ಪಕ್. ಸುಂಕಮ್ಮ ಕತ್ತರಿ ಹಿಡಿದೇ ಬೀದಿಗೆ ಬಂದಳು.

"ಲೇ ಎರ್ರಣ್ಣ! ಇಷ್ಟು ದಿನ ನನಗ ಕಣ್ಣು ಹೊಡೀತಿದ್ದೋನು ನೀನೇನಲೇ?"

 ಒಳಗಿನಿಂದ ರೇಣುಕಾ ಲಟ್ಟಣಿಗೆ ಸಮೇತ ಬಂದಳು.

"ಏನಂದಿ ಅಕ್ಕ? ಇನ್ನೊಮ್ಮಿ ಅನ್ನು."

"ನಾನೇನೂ ಮಾಡಿಲ್ಲ, ದೇವರಾಣಿ!" ಎಂದು ಎರ್ರಣ್ಣ ಬೆವರಿದ. ಸುಂಕಮ್ಮ ರೇಣುಕಾಳನ್ನು ಬಲ್ಬಿನ ಕೆಳಗೆ ನಿಲ್ಲಿಸಿ, ಅವನಿಂದ ರಾಡು ಮುಟ್ಟಿಸಿ ತೋರಿಸಿದ ಮೇಲೆಯೇ ಲಟ್ಟಣಿಗೆ ಕೆಳಗಿಳಿಯಿತು.

ಮೂವರೂ ಕೂಡಿ ದೂರು ಕೊಟ್ಟರು. ಕರೆಂಟ್ ಆಫೀಸಿನ ಇಂಜಿನಿಯರ್ ಮೀನಾಕ್ಷಿ ಬಂದು ವೈರು ನೋಡಿದರು.

"ಎರಡೂ ಕಡಿಗೆ ಒಂದೇ ಸಣ್ಣ ವೈರಿನಾಗ ಕರೆಂಟ್ ಬರ್ತೈತ್ರಿ. ರಾಡು ಮುಟ್ಟಿಸಿದಾಗೆಲ್ಲ ವೆಲ್ಡಿಂಗ್ ಮಷಿನ್ ಒಮ್ಮಿಗೇ ಭಾಳ ಕರೆಂಟ್ ಜಗ್ಗತೈತಿ. ವೋಲ್ಟೇಜ್ ಇಳಿದು ಬಲ್ಬು ಮಿಣುಕತೈತಿ. ಇಷ್ಟಕ್ಕ ಹೊಲಿಗಿ ಮಷಿನ್‌ಗೆ ಏನೂ ಆಗಂಗಿಲ್ಲ, ತ್ರಾಸ ಆಗೋದು ನೋಡೋರಿಗೆ. ಎಷ್ಟು ಮಿಣುಕಬಹುದು ಅಂತ ಮಿತಿ ಇಟ್ಟಿರೋದೂ ಮನುಷ್ಯರು ಎಷ್ಟು ತಡಕೊಂತಾರ ಅಂತ ನೋಡೇ."

"ಹಂಗಂದ್ರ ನನ್ನ ಕೈ ಕೆಟ್ಟಿಲ್ಲೇನ್ರಿ?"

"ಕೈ ಚಲೋ ಐತ್ರಿ. ವೈರು ಸಾಲಂಗಿಲ್ಲ."

ಸುಂಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಎರ್ರಣ್ಣನ ಅಂಗಡಿಗೆ ಟ್ರಾನ್ಸ್‌ಫಾರ್ಮರಿನಿಂದ ಬೇರೆಯೇ ದಪ್ಪ ವೈರು ಬಂತು. ಅಂದು ರೇಣುಕಾ ತಾನಾಗಿ ಬಂದು ಬಲ್ಬಿನ ಕೆಳಗೆ ಕೂತಳು. ಪಕ್ಕದಲ್ಲಿ ಚರ್ ಚರ್ ನಡೆದೇ ಇತ್ತು. ಬೆಳಕು ಅಲುಗಲಿಲ್ಲ.

"ಈಗ ಹೊಡಿಯಂಗಿಲ್ಲೇನಕ್ಕ?"

ಸುಂಕಮ್ಮ ಜೋಡಿಗೆರೆಯಿಂದ ತಲೆ ಎತ್ತದೆ ಹೇಳಿದಳು:

"ಇಲ್ಲವ್ವ. ನಿನ್ನ ಗಂಡ ಸುಧಾರಿಸ್ಯಾನ."