ಗೇಟಿಗೆ ತೂಗುವ ಚೀಲಗಳು ಮತ್ತು ಗಾಡಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂಲೆಮನೆಯ ಗೇಟಿಗೆ ತೂಗುಹಾಕಿದ ಬಟ್ಟೆಚೀಲವನ್ನು ಗಾಡಿಯಕ್ಕ ಬಿಚ್ಚುತ್ತಾರೆ. ಒಳಗೆ ಸೊಪ್ಪಿನ ಕಂತೆ, ಬೇರಿಗೆ ಒದ್ದೆ ಬಟ್ಟೆ ಸುತ್ತಿದೆ. "ಈ ಮನೆಯವರು ಕಲಿತುಬಿಟ್ರು. ಮೊದಲೆಲ್ಲ ಪ್ಲಾಸ್ಟಿಕ್ ಕವರಲ್ಲಿ ಉಸಿರು ಕಟ್ಟಿಸಿ ಇಡ್ತಿದ್ರು" ಎನ್ನುತ್ತಾ, ಹಸುಗೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಎರಡೂ ಕೈಯಲ್ಲಿ ಎತ್ತಿ, ಗಾಡಿಯ ಮೇಲಿನ ಒದ್ದೆ ಗೋಣಿಯ ಮೇಲೆ ಮಲಗಿಸುತ್ತಾರೆ.

ತಳ್ಳುಗಾಡಿ ಮುಂದಿನ ಗೇಟಿಗೆ ಹೊರಡುತ್ತದೆ. ನಾಲ್ಕು ಬೀದಿ, ಸುಮಾರು ನಲವತ್ತು ಮನೆ. ಯಾರ ತಾರಸಿಯಲ್ಲಿ, ಯಾರ ಹಿತ್ತಿಲಲ್ಲಿ, ಯಾರ ಮೆಟ್ಟಿಲ ಪಕ್ಕದ ಹಳೇ ಬಕೆಟ್ಟಿನಲ್ಲಿ ಏನು ಬೆಳೆದಿದೆ ಎಂಬುದು ಅಕ್ಕನಿಗೆ ಬಾಯಿಪಾಠ. ಅವರವರು ಉಂಡು ಮಿಕ್ಕಿದ್ದು ಬೆಳಗ್ಗೆ ಗೇಟಿನ ಚೀಲಕ್ಕೆ ಬರುತ್ತದೆ. ಅಡುಗೆಮನೆಯ ಸಿಪ್ಪೆ ಬೀದಿಯ ತುದಿಯ ಗೊಬ್ಬರದ ಡ್ರಮ್ಮಿಗೆ ಹೋಗುತ್ತದೆ. ಗಾಡಿಯ ತರಕಾರಿಯನ್ನು ಇಷ್ಟು ದಿನ ಇದೇ ಬೀದಿಯವರೇ ಕೊಳ್ಳುತ್ತಿದ್ದರು.

ಇವತ್ತು ಹಾಗಲ್ಲ. ಇವತ್ತು ಗಾಡಿ ಮೊದಲು ಹೆರಿಗೆ ಆಸ್ಪತ್ರೆಯ ಅಡುಗೆಮನೆಗೆ ಹೋಗಬೇಕು. ಒಲೆ ಹೊತ್ತುವ ಮೊದಲು ತಲುಪಬೇಕು, ಬಗೆಬಗೆಯ ತರಕಾರಿ ಇರಬೇಕು, ಎಳೆಯದಾಗಿರಬೇಕು. ಒಪ್ಪಿಗೆಯಾದರೆ ದಿನವೂ ಈ ಬೀದಿಗಳಿಂದಲೇ ಕೊಳ್ಳುತ್ತಾರೆ. ಇಲ್ಲವಾದರೆ ಮತ್ತೆ ಕೇಳಲು ಬರಬಾರದು ಎಂದು ಅಲ್ಲಿನ ಅಡುಗೆಯಮ್ಮ ಖಡಾಖಂಡಿತವಾಗಿ ಹೇಳಿದ್ದಾರೆ.

"ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಸ್ಕೂಲಿಗೆ ಸೇರೋ ಹಿಂದಿನ ದಿನ ಮಕ್ಕಳಿಗೆ ಆಗುತ್ತಲ್ಲ, ಹಂಗೆ" ಎಂದು ಅಕ್ಕ ನಗುತ್ತಾರೆ. ಅವರ ಅತ್ತೆಯ ಮಾತೇ ಬೇರೆ: "ಎದ್ದು ಎದ್ದು ಗಾಡಿ ನೋಡಿ ಬರ್ತಿದ್ಳು. ಗಾಡಿಗೇನು ಕಾಲು ಬಂದಿದ್ಯೇನೇ ಓಡಿಹೋಗೋಕೆ, ಬಿದ್ಕೋ ಅಂದೆ. ಕೇಳಬೇಕಲ್ಲ ಈ ಮಹಾರಾಯ್ತಿ."

ಇಪ್ಪತ್ತು ವರ್ಷ ಅಕ್ಕ ದೊಡ್ಡ ಮಾರುಕಟ್ಟೆಯಿಂದ ತರಕಾರಿ ತಂದು ಮಾರಿದವರು. ಬೆನ್ನಿನ ನೋವು, ಅರಚಿ ಅರಚಿ ಒಡೆದ ಗಂಟಲು ಆ ಕಾಲದ್ದು. ಮಗಳಿಗೆ ಇದೇ ಆಸ್ಪತ್ರೆಯಲ್ಲಿ ಹೆರಿಗೆಯಾದಾಗ ತಟ್ಟೆಯಲ್ಲಿ ಬಂದ ಎಲೆಕೋಸನ್ನು ನೋಡಿದ ಕೂಡಲೇ ಗುರುತು ಹಿಡಿದರು. "ಲಾರಿಲಿ ಎರಡು ದಿನ ಕೂತು ಬೆವತ ಕೋಸು. ನನ್ನ ಗಾಡಿಲೂ ಅದೇ ಇತ್ತು. ಊರಿಗೆಲ್ಲ ಮಾರುವಾಗ ಏನೂ ಅನ್ನಿಸಿರಲಿಲ್ಲ. ಹಸಿ ಬಾಣಂತಿ, ನನ್ನ ಮಗಳು ಅದನ್ನ ತಿನ್ನುವಾಗ ನೋಡ್ತಾ ಕೂರೋಕಾಗ್ಲಿಲ್ಲ."

ಮನೆಗೆ ಬಂದವರೇ, ಇಲ್ಲೇ ಬೆಳೆದು ಕೊಡೋಣವೆಂದು ಹಿತ್ತಿಲಿನ ಸೋರೆಬಳ್ಳಿಯ ಬೀಜ ಒಣಗಿಸಿ ಬೀದಿಗೆಲ್ಲ ಹಂಚಿದರು. ಯಡವಟ್ಟಾದದ್ದು ಅಲ್ಲೇ. ಬೀಜ ಪಡೆದವರೆಲ್ಲ ನಿಷ್ಠೆಯಿಂದ ಬಿತ್ತಿದರು, ಬಳ್ಳಿಗಳೂ ಅಷ್ಟೇ ನಿಷ್ಠೆಯಿಂದ ಕಾಯಿ ಬಿಟ್ಟವು. ನಲವತ್ತು ಮನೆಯಲ್ಲೂ ಸೋರೆಕಾಯಿ. ಕೊಡೋಣವೆಂದರೆ ಪಕ್ಕದ ಮನೆಯವರೂ ಒಂದು ಹಿಡಿದುಕೊಂಡು ಎದುರಿಗೆ ಬರುತ್ತಿದ್ದರು. ಗಾಡಿ ತುಂಬ ಅದನ್ನೇ ಹೇರಿಕೊಂಡು ಆಸ್ಪತ್ರೆಗೆ ಹೋದಾಗ ಅಡುಗೆಯಮ್ಮ ಸೊಂಟದ ಮೇಲೆ ಕೈಯಿಟ್ಟು ಕೇಳಿದರಂತೆ: "ನಾನು ಬಾಣಂತಿಯರಿಗೆ ಊಟ ಹಾಕ್ಬೇಕಮ್ಮ. ಇದನ್ನ ಜೋಡಿಸಿ ಗೋಡೆ ಕಟ್ಟಲಾ?"

ಅವಮಾನವನ್ನು ನುಂಗಿಕೊಂಡು ಬಂದ ಅಕ್ಕ ಬೀದಿಯವರನ್ನೆಲ್ಲ ಕೂರಿಸಿ ಚೀಟಿ ಎತ್ತಿಸಿದರು. ಒಂದು ಬೀದಿಗೆ ಸೊಪ್ಪು, ಒಂದಕ್ಕೆ ಬೀನ್ಸ್, ಒಂದಕ್ಕೆ ಬದನೆ, ಒಂದಕ್ಕೆ ಟೊಮೆಟೊ. ಸೋರೆಕಾಯಿಗೆ ಇಡೀ ನಾಲ್ಕು ಬೀದಿಯಲ್ಲಿ ಎರಡೇ ಬಳ್ಳಿ. ಆ ಪದ್ಧತಿಗೆ ಈಗ ಎರಡು ವರ್ಷ.

ಎರಡನೇ ಬೀದಿಗೆ ತಿರುಗಿದಾಗ ಅಕ್ಕನ ಮುಖ ಬಾಡುತ್ತದೆ. ಅತಿ ಹೆಚ್ಚು ಬೀನ್ಸ್ ಬೆಳೆಯುವ ಪೋಸ್ಟಣ್ಣನ ಗೇಟಿನಲ್ಲಿ ಚೀಲವಿಲ್ಲ. ಪೋಸ್ಟಣ್ಣ ಎಂದರೆ ನಿವೃತ್ತ ಅಂಚೆಯವರು. ತಾರಸಿ ಹತ್ತಿ ನೋಡಿದರೆ ಬಳ್ಳಿಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ.

"ಏನಣ್ಣ, ಕಿತ್ತಿಲ್ವಾ?"

"ನೋಡಮ್ಮ, ಹೆಂಗೆ ತೂಗ್ತಿವೆ. ಇನ್ನೊಂದು ದಿನ ಇರ್ಲಿ ಅನ್ನಿಸ್ತು."

"ನಿನ್ನೇನೂ ಇದೇ ಹೇಳಿದ್ರಿ. ಹಿಂಗೇ ಮುದ್ದು ಮಾಡ್ತಾ ಕೂತ್ರೆ ನಾರಾಗುತ್ತೆ. ಕಿತ್ತಷ್ಟೂ ಹೂ ಬಿಡೋ ಬಳ್ಳಿ ಇದು."

"ಕೈ ಬರಲ್ಲಮ್ಮ."

"ಹಂಗಾದ್ರೆ ಕಣ್ಣು ಮುಚ್ಕೊಳ್ಳಿ, ನಾನು ಕೀಳ್ತೀನಿ."

ಪೋಸ್ಟಣ್ಣ ಕಣ್ಣು ಮುಚ್ಚುವುದಿಲ್ಲ. ಗೊಣಗುತ್ತಲೇ ಬುಟ್ಟಿ ಹಿಡಿಯುತ್ತಾರೆ. ಆಮೇಲೆ ತಾವೇ ಒಂದು ಕಾಯಿ ಕೀಳುತ್ತಾರೆ, ಇನ್ನೊಂದು ಕೀಳುತ್ತಾರೆ. ನಾರು ಬಂದ ಒಂದಷ್ಟನ್ನು ಅಕ್ಕ ಬೀಜಕ್ಕೆಂದು ಬೇರೆ ಇಡುತ್ತಾರೆ. ಬುಟ್ಟಿ ತುಂಬುವ ಹೊತ್ತಿಗೆ ಬಿಸಿಲು ತಾರಸಿಗೆ ಬಂದಿದೆ. ತಡವಾಗಿದೆ. "ನಾನೂ ತಳ್ತೀನಿ ನಡಿ" ಎಂದು ಪೋಸ್ಟಣ್ಣ ಚಪ್ಪಲಿ ಮೆಟ್ಟುತ್ತಾರೆ. ಮುಂದಿನ ಬೀದಿಗಳಲ್ಲಿ ಜನ ತಾವೇ ಚೀಲ ಹಿಡಿದು ಗೇಟಿಗೆ ಬಂದಿದ್ದಾರೆ. ಒಬ್ಬಾಕೆ ಹಲ್ಲುಜ್ಜುತ್ತಲೇ ಬದನೆಕಾಯಿ ಹಾಕುತ್ತಾರೆ, ಇನ್ನೊಬ್ಬರು ಟೊಮೆಟೊ ಸೆರಗಿನಲ್ಲಿ ತಂದು ಸುರಿಯುತ್ತಾರೆ. ಗಾಡಿ ಹೆಚ್ಚುಕಡಿಮೆ ಓಡುತ್ತದೆ.

ಆಸ್ಪತ್ರೆಯ ಹಿಂಬಾಗಿಲು. ಒಳಗೆ ಆಳೆತ್ತರದ ಪಾತ್ರೆಗಳು. ಒಲೆ ಇನ್ನೂ ಹೊತ್ತಿಲ್ಲ. ಅಡುಗೆಯಮ್ಮ ಸೊಪ್ಪನ್ನು ಕೊಡವಿ ನೋಡುತ್ತಾರೆ, ಟೊಮೆಟೊ ಅದುಮುತ್ತಾರೆ, ಬದನೆಕಾಯಿಯ ತೊಟ್ಟು ತಿರುಗಿಸುತ್ತಾರೆ. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಲೇ ಇದ್ದಾರೆ. ಕೊನೆಗೆ ಅಡುಗೆಯಮ್ಮ ಒಂದು ಬೀನ್ಸ್ ಎತ್ತಿ ಮುರಿಯುತ್ತಾರೆ. ಚಟ್ ಎಂದು ಮುರಿಯುತ್ತದೆ, ಒಂದು ಎಳೆ ನಾರಿಲ್ಲ. ಪೋಸ್ಟಣ್ಣ ಹಿಡಿದಿದ್ದ ಉಸಿರು ಬಿಡುತ್ತಾರೆ.

"ಒಳಗೆ ಇಳಿಸಿ. ನಾಳೆ ಇನ್ನೂ ಸ್ವಲ್ಪ ಬೇಗ ಬನ್ನಿ" ಎಂದ ಅಡುಗೆಯಮ್ಮ ಗಾಡಿಯ ಮೇಲೆ ಇನ್ನೊಮ್ಮೆ ಕಣ್ಣಾಡಿಸಿ ಕೇಳುತ್ತಾರೆ: "ಸೋರೆಕಾಯಿ ಎಲ್ಲಮ್ಮ? ಬಾಣಂತಿಯರಿಗೆ ಹಗುರ ಅದು."

ಅಕ್ಕ ಗಾಡಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. "ಎರಡೇ ಬಳ್ಳಿ ಉಳಿಸಿದ್ದೀವಿ. ನಾಳೆ ತರ್ತೀನಿ. ಗೋಡೆ ಕಟ್ಟೋವಷ್ಟಿಲ್ಲ, ಸಾರಿಗಾಗೋವಷ್ಟಿದೆ."

ಖಾಲಿ ಗಾಡಿ ತಳ್ಳಿಕೊಂಡು ಮರಳುವಾಗ ಇನ್ನೇನು ಆಸೆ ಎಂದು ಕೇಳಿದರೆ ಗಾಡಿಯತ್ತ ಬೆರಳು ತೋರಿಸುತ್ತಾರೆ. ಎಡಗಡೆಯ ಚಕ್ರ ಕಿರುಗುಟ್ಟುತ್ತದೆ, ಅದನ್ನು ಬದಲಾಯಿಸಬೇಕಂತೆ. ಅಷ್ಟೇನಾ ಎಂದರೆ, ಆಸ್ಪತ್ರೆಯ ಮೇಲಿನ ಮಹಡಿಯ ಕಿಟಕಿಗಳ ಕಡೆ ತಿರುಗಿ ನೋಡುತ್ತಾರೆ. ಎಲ್ಲೋ ಒಂದು ಎಳೆಗೂಸು ಅಳುತ್ತಿದೆ.

"ಇಪ್ಪತ್ತು ವರ್ಷ ಈ ಗಾಡಿ ಹೊರಗಿಂದು ತಂದು ನಮ್ಮ ಬೀದಿಗೆ ಉಣ್ಣಿಸ್ತು" ಎನ್ನುತ್ತಾರೆ ಅಕ್ಕ. "ಇವತ್ತು ಆ ಮಗುವಿನ ತಾಯಿ ನಮ್ಮ ಬೀದಿದು ಉಣ್ತಾಳೆ. ನಮ್ಮತ್ತೆಗೆ ಹೇಳ್ಬೇಕು, ಗಾಡಿಗೆ ಕಾಲು ಬಂತು ಅಂತ."